ವೃತ್ತಿನೀತಿ ಮೇಷ್ಟರ ಒಬ್ಬಳೇ ಶಿಷ್ಯೆ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿವಾಜಿನಗರದ ಮಹಡಿಯ ಮೇಲಿನ ಒಂದು ಕೋಣೆಯನ್ನು ವಕೀಲ ವಿರೂಪಾಕ್ಷನೂ ನಾನೂ ಹಂಚಿಕೊಂಡಿದ್ದೆವು. ನಾನೂ ವಕೀಲನೇ; ಆದರೆ ಕಕ್ಷಿದಾರರು ನನ್ನ ಮೇಜಿಗೆ ಬರುತ್ತಿದ್ದುದು 'ವಿರೂಪಾಕ್ಷಪ್ಪನೋರು ಎಲ್ಲಿ?' ಎಂದು ಕೇಳುವುದಕ್ಕೆ. ಅವನಿಗೂ ಹೇಳಿಕೊಳ್ಳುವಷ್ಟು ಕೇಸುಗಳಿರಲಿಲ್ಲ. ಹಾಗಾಗಿ ಸಂಜೆ ಕುಕ್ ಟೌನಿನ ಒಂದು ಕಾನೂನು ಕಾಲೇಜಿನಲ್ಲಿ ವೃತ್ತಿನೀತಿ ಪಾಠ ಮಾಡಿ, ರೇಗಿಕೊಂಡು ಬರುತ್ತಿದ್ದ.

"ಸುಳ್ಳು ಸಾಕ್ಷಿ ಹೇಳಿಸ್ಬಾರ್ದು ಅಂದ್ರೆ, ಇದು ಪರೀಕ್ಷೆಗೆ ಬರತ್ತಾ ಸಾರ್ ಅಂತಾರೆ ಕಣಯ್ಯಾ!"

"ಬರತ್ತಾ?"

"ಥೂ, ನೀನೂ ಅದನ್ನೇ ಕೇಳ್ತೀಯಲ್ಲೋ!"

ಪಾಠವನ್ನು ನಿಜಕ್ಕೂ ಕೇಳಿಸಿಕೊಂಡವಳು ಹಲಸೂರಿನ ನಂದಿತಾ ಒಬ್ಬಳೇ. ವಕೀಲಿಕೆಯ ಸನ್ನದು ಪಡೆದು, ಚಂದ್ರಾಮಪ್ಪ ಎಂಬ ಹಿರಿಯ ವಕೀಲರ ಆಫೀಸು ಸೇರಿದ್ದಳು. ಅಫಿಡವಿಟ್ಟಿನಲ್ಲಿ ಕಕ್ಷಿದಾರನ ಸಹಿಯ ಕೆಳಗೆ 'ಈ ವ್ಯಕ್ತಿಯನ್ನು ನಾನು ಬಲ್ಲೆ' ಎಂದು ವಕೀಲರೂ ಸಹಿ ಹಾಕಬೇಕು. ಬಲ್ಲೆವೋ ಇಲ್ಲವೋ, ನಾವೆಲ್ಲ ಹಾಕುತ್ತೇವೆ. ನಂದಿತಾ ಮಾತ್ರ ಮುಖ ನೋಡದೆ ಹಾಕುವುದಿಲ್ಲ ಅಂದಳು. ಚಂದ್ರಾಮಪ್ಪ ನಾಳೆಯಿಂದ ಬರಬೇಡಮ್ಮ ಅಂದರು.

ಅವಳು ನೇರವಾಗಿ ನಮ್ಮ ಕೋಣೆಗೆ ಬಂದಳು.

"ನೀವು ಹೇಳ್ಕೊಟ್ಟಿದ್ದನ್ನೇ ಮಾಡ್ದೆ ಸಾರ್. ಕೆಲಸ ಹೋಯ್ತು. ಮನೇಲಿ ಏನಂತ ಹೇಳ್ಲಿ?"

ವಿರೂಪಾಕ್ಷ ಸ್ಕೂಟರ್ ಒದ್ದು ಚಂದ್ರಾಮಪ್ಪನವರಲ್ಲಿಗೆ ಓಡಿದ. ಬೆವರು ಒರೆಸಿಕೊಳ್ಳುತ್ತ ಮರಳಿದ.

"ವಾಪಸ್ ತಗೋತಾರಂತೆ. ಆದ್ರೆ ಆ ಸಹಿ..." ಎಂದು ನಿಲ್ಲಿಸಿದ.

"ಹಾಕ್ಬಿಡ್ಲಾ ಸಾರ್?"

ಅವಳ ಕಣ್ಣು ತುಂಬಿತ್ತು. ಹಾಕಮ್ಮ ಅನ್ನುವಂತೆ ನಾನು ತಲೆಯಾಡಿಸಿದೆ. ಎಂದಿನಂತೆ ನನ್ನತ್ತ ಯಾರೂ ನೋಡಲಿಲ್ಲ.

"ಬೇಡ," ಎಂದ ವಿರೂಪಾಕ್ಷ, ಯಾರನ್ನೋ ಬಯ್ಯುವ ದನಿಯಲ್ಲಿ. "ಇಲ್ಲೇ ಕೆಲಸ ಮಾಡು. ಆ ಕುರ್ಚಿ ಎಳ್ಕೊಂಡು ಕೂತ್ಕೋ."

ಅದು ನನ್ನ ಕುರ್ಚಿ.

ಮುಂದಿನ ವಾರ ಕೃಷ್ಣರಾಜಪುರದ ಮುನಿಶಾಮಿ ಎಂಬವರ ಅಫಿಡವಿಟ್ಟಿಗೆ ಮನೆಯಲ್ಲೇ ಅವರ ಸಹಿ ಹಾಕಿಸಿ, ಅವರ ಭಾಮೈದ ತಂದುಕೊಟ್ಟ. ಎಷ್ಟೋ ದಿನದ ಮೇಲೆ ಬಂದ ಕೇಸು. ವಿರೂಪಾಕ್ಷ ಉತ್ಸಾಹದಿಂದ ಪೆನ್ನು ತೆಗೆದ.

"ಸಾರ್, ಮುನಿಶಾಮಿಯೋರನ್ನ ನೋಡಿದ್ದೀರಾ?" ನಂದಿತಾ ಕೇಳಿದಳು.

"ಭಾಮೈದ ಎದುರಿಗೇ ನಿಂತಿದ್ದಾನಲ್ಲಮ್ಮ."

"ಭಾಮೈದನ್ನ ಬಲ್ಲೆ ಅಂತ ಬರ್ದಿಲ್ವಲ್ಲ ಸಾರ್."

ವಿರೂಪಾಕ್ಷ ಪೆನ್ನು ಮುಚ್ಚಿದ.

"ಕಾಲೇಜಲ್ಲಿ ಎಲ್ಲರೂ ನಿದ್ದೆ ಮಾಡ್ತಿದ್ರು, ಇವಳಿಗೇನಾಗಿತ್ತಯ್ಯಾ?" ಎಂದು ನನ್ನ ಮೇಲೆ ಹರಿಹಾಯ್ದ. ಆಮೇಲೆ ಭಾಮೈದನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಆ ಉರಿಬಿಸಿಲಿನಲ್ಲಿ, ಹಳೇ ಮದ್ರಾಸ್ ರಸ್ತೆಯ ಲಾರಿಗಳ ಹೊಗೆ ಕುಡಿಯುತ್ತ, ಮುನಿಶಾಮಿಯ ಮುಖ ನೋಡಲು ಹೊರಟ.