ದಿಗ್ಗೇವಾಡಿಯ ‘ವಿಡಿಯೋ ಬಾಯಿ’

ದಿಗ್ಗೇವಾಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಕ್ಕುಬಾಯಿಯವರ ಕೊಟ್ಟಿಗೆಯಲ್ಲಿ ಎಮ್ಮೆ ನರಳುತ್ತಿದೆ. ಕರುವಿನ ಒಂದೇ ಕಾಲು ಹೊರಬಂದು ನಿಂತುಬಿಟ್ಟಿದೆ. ಮಗ ಭರತ ಅದಕ್ಕೆ ಹಗ್ಗ ಬಿಗಿದು ಎಳೆಯಲು ನಿಂತಿದ್ದಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆದರೆ ಇಂಥ ಹೊತ್ತಿನಲ್ಲಿ ಆತುರಪಡದವರು ಯಾರು? ಊರಿನ ದನಕರುಗಳ ಆರೈಕೆಗೆ ನೆರವಾಗುವ ಪಶುಸಖಿ ಉಜ್ವಲಾ ಅವನ ಕೈ ಹಿಡಿದಿದ್ದಾರೆ.

“ಎಳೀಬ್ಯಾಡ ತಮ್ಮಾ. ಮುಂಗಾಲೋ ಹಿಂಗಾಲೋ ಡಾಕ್ಟರ್ ನೋಡ್ಲಿ. ತಪ್ಪಿ ಎಳದ್ರ ಎರಡೂ ಜೀವ ಹೋಗ್ತಾವು.”

ಪಶುವೈದ್ಯರು ಅಥಣಿಯಿಂದ ಹೊರಟಿದ್ದಾರೆ, ಬರಲು ತಡವಾಗುತ್ತದೆ. ವಿಡಿಯೋ ಕಾಲ್‌ಗೆ ಸಿಗ್ನಲ್ ಸಾಲದು. ಉಜ್ವಲಾ ವಿಡಿಯೋ ತೆಗೆದು ಮೂಲ ಫೈಲನ್ನೇ ಕಳಿಸಿದರೆ ವೈದ್ಯರ ಫೋನ್ ಬರುತ್ತದೆ: “ದನಿ ಕೇಳಾಕತ್ತೈತಿ, ಚಿತ್ರ ಬರೇ ಕರ್ರಗ ಐತಿ.”

ಉಜ್ವಲಾರಿಗೆ ಕಾರಣ ಹೊಳೆಯುತ್ತದೆ. ಅವರ ಹೊಸ ಫೋನು ಚಿತ್ರೀಕರಿಸುವ ಹೊಸ ಫಾರ್ಮ್ಯಾಟು ವೈದ್ಯರ ಹಳೆಯ ಫೋನಿಗೆ ತಿಳಿಯದು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ತೆರೆಯುತ್ತದೆ, ಆದರೆ ಮಬ್ಬಾಗಿ ಗೊರಸಿನ ದಿಕ್ಕೇ ಕಾಣುವುದಿಲ್ಲ. ಬೇಕಾದಷ್ಟೇ ಕತ್ತರಿಸಿ, ಎಲ್ಲ ಫೋನೂ ತೆರೆಯುವ ಹಳೆಯ ಬಗೆಯ ಎಂಪಿ4ಗೆ ಬದಲಿಸಿ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

“ಮೊಬೈಲ್ ತಿಕ್ಕೂ ಹೊತ್ತೇನ ಬೇ ಇದು?” ಸಕ್ಕುಬಾಯಿ ಅಳುತ್ತಲೇ ಬೈಯುತ್ತಾರೆ.

ಉಜ್ವಲಾ ವಿಡಿಯೋ ಕತ್ತರಿಸುತ್ತಲೇ ಇದ್ದಾರೆ. ಕುರಿ ಕಾಯುವ ಮನೆತನದ ಈಕೆ ದಿನಕ್ಕೆ ನಾಲ್ಕೈದು ಕೊಟ್ಟಿಗೆ ಸುತ್ತುತ್ತಾರೆ. ಕುರಿಗಳಿಗೆ ಜಂತಿನ ಔಷಧಿ ಕುಡಿಸುವ ಬಗೆಯನ್ನು ಪಾಲಬಾವಿ ಊರಿನ ಹೆಂಗಸರಿಗೆ ತೋರಿಸಲು ಹೋಗಿ ವಿಡಿಯೋ ಕತ್ತರಿಸುವುದನ್ನು ಕಲಿತವರು. ‘ವಿಡಿಯೋ ಬಾಯಿ’ ಎಂದು ಗಂಡಸರು ಛೇಡಿಸುವುದುಂಟು.

ಫೈಲು ಹೋಗುತ್ತದೆ. ಎಮ್ಮೆ ಕುಸಿದು ಮಲಗುತ್ತದೆ. ಭರತ ಮತ್ತೆ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ.

“ಮುಂಗಾಲೈತಿ. ಇನ್ನೊಂದು ಒಳಗ ಮಡಚೇತಿ. ಕರಾ ಹಿಂದಕ್ಕ ದೂಡು, ಗೊರಸು ಅಂಗೈಯಾಗ ಮುಚ್ಚಿ ಹಿಡದು ಮುಂದ ತಾ.”

ಉಜ್ವಲಾ ಮೊಣಕೈತನಕ ಕೈ ಇಳಿಸುತ್ತಾರೆ. ಬೆವರು ಕಣ್ಣಿಗಿಳಿಯುತ್ತದೆ. ಎರಡನೆಯ ಗೊರಸು ಸಿಗುತ್ತದೆ, ಜಾರುತ್ತದೆ, ಮತ್ತೆ ಸಿಗುತ್ತದೆ. ಎಮ್ಮೆ ತಿಣುಕಿದಾಗ ಭರತ ಮೆಲ್ಲಗೆ ಎಳೆಯುತ್ತಾನೆ. ಹೆಣ್ಣುಗರು ಹುಲ್ಲಿನ ಮೇಲೆ ಬಿದ್ದು ಉಸಿರೆಳೆದುಕೊಳ್ಳುತ್ತದೆ. ಸಕ್ಕುಬಾಯಿ ಉಜ್ವಲಾರ ಕೆನ್ನೆ ನೇವರಿಸಿ ನೆಟಿಗೆ ಮುರಿಯುತ್ತಾರೆ.

“ಅಕ್ಕಾ, ಆ ವಿಡಿಯೋ ಗ್ರೂಪಿಗೆ ಹಾಕ್ರಿ, ಊರೆಲ್ಲಾ ನೋಡ್ಲಿ” ಎನ್ನುತ್ತಾನೆ ಭರತ.

ಉಜ್ವಲಾ ಕರು ಎದ್ದು ನಿಲ್ಲುವುದನ್ನಷ್ಟೇ ಚಿತ್ರೀಕರಿಸಿ ಗ್ರೂಪಿಗೆ ಹಾಕುತ್ತಾರೆ. ಮೊದಲಿನದನ್ನು ಅಳಿಸಿ, ಎಮ್ಮೆಯ ಬೆನ್ನ ಮೇಲೆ ಗೋಣಿಚೀಲ ಹೊದಿಸುತ್ತಾರೆ.

“ಅದು ಡಾಕ್ಟರ್‌ಗಷ್ಟ ತಮ್ಮಾ. ಬಾಣಂತಿ ಐತಿ ಇದು. ಮಂದಿಗೆ ತೋರ್ಸೂದಲ್ಲ.”