ಮೂರನೇ ಸಾಲಿನಲ್ಲಿ ಅವಸರ

ಒಂದೇ ಒಂದು ದೇವರನಾಮದ ಮಟ್ಟನ್ನು ನಾನು ಎಂಟು ತಿಂಗಳಿಂದ ನುಡಿಸುತ್ತಿದ್ದೇನೆ. ಅದು ಇನ್ನೂ ಮುಗಿದಿಲ್ಲ. ಇದನ್ನು ನಾಚಿಕೊಂಡು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಶಿರಾದ ನಮ್ಮ ಬೀದಿಗೆಲ್ಲ ಈ ಸಂಗತಿ ಗೊತ್ತು. ಎದುರು ಮನೆಯಲ್ಲಿ ಕಂಬಳಿಗೆ ಉಣ್ಣೆ ನೂಲುವ ತಿಮ್ಮಕ್ಕ ಒಂದು ದಿನ ಕದಿರು ಕೆಳಗಿಟ್ಟು ಕೇಳಿದಳು: "ಅದೇನವ್ವಾ ಮೇಷ್ಟ್ರಮ್ಮ, ನಿನ್ ಪೆಟ್ಟಿಗೆ ಹಲ್ಲುನೋವು ಬಂದೋಳಂಗೆ ನರಳ್ತದಲ್ಲ, ಒಂದು ಲವಂಗನಾದ್ರೂ ಇಕ್ಕಬಾರ್ದಾ?"

ಆ ಪೆಟ್ಟಿಗೆ ಗಿಟಾರ್. ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿರುವ ನನ್ನ ಸೋದರಮಾವ, ಊರು ಬಿಟ್ಟು ಸೀಮೆಗೆ ಹೊರಟ ಬಿಳಿ ದೊರೆಯೊಬ್ಬನ ಸಾಮಾನಿನಲ್ಲಿ ಅದನ್ನು ಕೊಂಡಿದ್ದರು. ಅತ್ತೆ ಅದರ ಹೊಟ್ಟೆಯೊಳಗೆ ಹುಣಿಸೆಹಣ್ಣು ತುಂಬಿಡುವ ಯೋಚನೆ ಮಾಡಿದಾಗ ಹೆದರಿ ನನಗೆ ಕೊಟ್ಟುಬಿಟ್ಟರು. ಕಲಿಸುವವರಿಗಾಗಿ ಮಧುಗಿರಿಯಲ್ಲಿ ವಿಚಾರಿಸಿದೆ, ಕೊರಟಗೆರೆಯಲ್ಲೂ ವಿಚಾರಿಸಿದೆ. ಒಬ್ಬರು ಹಾರ್ಮೋನಿಯಂ ಕಲಿಸುತ್ತೇನೆಂದರು, ಇನ್ನೊಬ್ಬರು ಹೊಲಿಗೆ.

ಕೊನೆಗೆ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಜೊತೆಗೆ ಪಾಠ ಹೇಳುವ ಇಬ್ಬರನ್ನು ಸೇರಿಸಿಕೊಂಡೆ: ಇದೇ ಊರಿನ ಅತ್ತರಿನ ಅಂಗಡಿಯವರ ಮಗಳು ಮೆಹರುನ್ನಿಸಾ ಮತ್ತು ಮಾತಿನಲ್ಲಿ ಅರ್ಧ ತೆಲುಗು ಬೆರೆಸುವ ಪಾವಗಡದ ರತ್ನ. ಮೂವರಿಗೂ ಏನೂ ಬಾರದು, ಇರುವುದು ಒಂದೇ ಗಿಟಾರ್. ಒಬ್ಬಳು ನುಡಿಸಿದರೆ ಇಬ್ಬರು ಕೇಳಲೇಬೇಕು. ಈ ಬಡತನದಿಂದಲೇ ನಮ್ಮ ಪದ್ಧತಿ ಹುಟ್ಟಿತು. ಪ್ರತಿ ಭಾನುವಾರ ನಮ್ಮ ನಡುಮನೆಯಲ್ಲಿ ಕೇಳುವವರು ಗೋಡೆಗೆ ಮುಖ ಮಾಡಿ ಕೂರಬೇಕು. ಕಣ್ಣಿಗೆ ದಾಕ್ಷಿಣ್ಯ ಜಾಸ್ತಿ, ಕಿವಿಗೆ ಕಡಿಮೆ. ಒಂದು ಸಲಕ್ಕೆ ಒಂದೇ ತಪ್ಪು ಹೇಳಬೇಕು. 'ಚೆನ್ನಾಗಿದೆ' ಎನ್ನುವ ಮಾತನ್ನು ಯಾರೂ ಆಡಕೂಡದು.

ಮೊದಲ ಭಾನುವಾರ ನಾನು ಜಂಬದಿಂದ ಮೊದಲ ಸಾಲನ್ನು ಒಂದೇ ಉಸಿರಿಗೆ ನುಡಿಸಿದೆ. ಗೋಡೆಯ ಕಡೆಯಿಂದ ಮೆಹರುನ್ನಿಸಾ ಹೇಳಿದಳು: "ತೌಬಾ! ಜಟಕಾ ಮೋರಿಗೆ ಬಿದ್ದಂಗಾಯ್ತು. ಕುದುರೆಗೆ ಪೆಟ್ಟಾಯ್ತೇನು ನೋಡೇ."

ಹಾಗಾದರೆ ಬೀಳುವ ಜಾಗವಾದರೂ ಗೊತ್ತಾಗಲೆಂದು ನಿಧಾನ ಮಾಡಿದೆವು. ಎಷ್ಟು ನಿಧಾನವೆಂದರೆ, ಒಂದು ಸ್ವರ ಸತ್ತ ಮೇಲೆಯೇ ಇನ್ನೊಂದರ ಜನನ. ಆಗ ತಪ್ಪುಗಳು ಸಂತೆಗೆ ಬಂದವರ ಹಾಗೆ ಒಬ್ಬೊಬ್ಬರಾಗಿ ಕಾಣಿಸಿಕೊಂಡವು. ನನ್ನ ಉಂಗುರದ ಬೆರಳು ತಂತಿಯನ್ನು ಒಂದು ಗಳಿಗೆ ಮೊದಲೇ ಬಿಡುತ್ತದೆ. ವೇಗವಾಗಿ ನುಡಿಸುವಾಗ ಈ ಕಳ್ಳತನ ಯಾರಿಗೂ ತಿಳಿಯುವುದಿಲ್ಲ, ನನಗಂತೂ ಮೊದಲೇ ಇಲ್ಲ. ನನಗೆ ದಿನಚರಿ ಬರೆಯುವ ಚಟ ಇದೆ. ತಾರೀಖು ಹಾಕಿ, ಎಡಗೈ ತಪ್ಪಿಗೆ ಒಂದು ಗೆರೆ, ಬಲಗೈ ತಪ್ಪಿಗೆ ಒಂದು ಸೊನ್ನೆ ಇಡುತ್ತೇನೆ. ಮೊದಲ ತಿಂಗಳ ಪುಟಗಳನ್ನು ನೋಡಿ ರತ್ನ, "ಏಮೇ ಇದು, ಬೇಲಿ ಹಾಕಿದ್ದೀಯಾ?" ಎಂದು ಕೇಳಿದಳು. ಈಗ ಬೇಲಿಯಲ್ಲಿ ಕುರಿ ನುಗ್ಗುವಷ್ಟು ಸಂದಿಗಳಿವೆ. ನನ್ನ ಪ್ರಗತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಲೋಕಕ್ಕೆ ನಿಧಾನವೆಂದರೆ ಏಕೆ ಇಷ್ಟು ಕೋಪವೋ ತಿಳಿಯದು. ನನ್ನ ಒಂದನೇ ತರಗತಿಯ ಮಕ್ಕಳು ನಾಲಿಗೆ ಹೊರಹಾಕಿ ಒಂದು 'ಅ' ಬರೆಯಲು ಸ್ಲೇಟಿನ ಅರ್ಧ ಆಯುಷ್ಯ ಕಳೆಯುತ್ತವೆ; ಅವುಗಳನ್ನು ಯಾರೂ ಬೈಯುವುದಿಲ್ಲ. ಅದೂ ಬೇಡ, ಕ್ಯಾಲೆಂಡರಿನ ಸರಸ್ವತಿಯನ್ನೇ ನೋಡಿ. ವರ್ಷವೆಲ್ಲ ಆಕೆಯ ಬೆರಳು ವೀಣೆಯ ಅದೇ ಮೆಟ್ಟಿಲ ಮೇಲೆ ನಿಂತಿರುತ್ತದೆ. ಮುಂದಿನ ಸ್ವರ ಯಾವಾಗಮ್ಮ ಎಂದು ಯಾರಾದರೂ ಕೇಳಿದ್ದಾರೆಯೇ? ಕೈಮುಗಿದು ಹೋಗುತ್ತಾರೆ. ಇಪ್ಪತ್ತೆರಡು ವರ್ಷದ ಮೇಷ್ಟ್ರಮ್ಮನಾದರೆ ಮಾತ್ರ ಅವಸರ.

ಅಮ್ಮನ ಅವಸರಕ್ಕೆ ಬೇರೆ ಕಾರಣವಿತ್ತು. ಹೋದ ಭಾನುವಾರ ಮಧುಗಿರಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೆಳಗ್ಗೆಯೇ ತಾಕೀತು ಮಾಡಿದ್ದಳು: "ನುಡಿಸು ಅಂದ್ರೆ ಲಗುಬಗೆಯಿಂದ ಒಂದು ನುಡಿಸಿ ಎತ್ತಿಟ್ಬುಡು. ನಿನ್ ಎಳೆದಾಟ ಎಲ್ಲ ಅವರ ಮುಂದೆ ಬ್ಯಾಡ ಕಣಮ್ಮ." ಮೆಹರುನ್ನಿಸಾ, ರತ್ನ ಇಬ್ಬರೂ ಉಪ್ಪಿಟ್ಟಿಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಯಲ್ಲಿದ್ದರು. ಈ ಸಂಬಂಧ ಕುದುರಿದರೆ ನಮ್ಮ ಭಾನುವಾರಗಳು ಮುಗಿದವೆಂದು ಮೂವರಿಗೂ ಗೊತ್ತಿತ್ತು.

ಬಂದವರು ಗಂಡು, ಅವನ ತಾಯಿ, ದೊಡ್ಡಪ್ಪ. ಗಂಡು ಪಾಪದವನು, ಕೂತಾಗಿನಿಂದ ತನ್ನ ಷರಟಿನ ಗುಂಡಿಯನ್ನೇ ಓದುತ್ತಿದ್ದ. ದೊಡ್ಡಪ್ಪನೇ "ಹುಡುಗಿಗೆ ಹಾಡು ಗೀಡು?" ಎಂದರು. ಗಿಟಾರ್ ಬಂತು. ನಾನು ಭಾನುವಾರದ ವೇಗದಲ್ಲೇ ಶುರು ಮಾಡಿದೆ. ಮೊದಲ ಸಾಲು ಮುಗಿಯುವ ಹೊತ್ತಿಗೆ ತಾಯಿಯ ಉಪ್ಪಿಟ್ಟು ಮುಗಿದಿತ್ತು. ಎರಡನೆಯದರಲ್ಲಿ ದೊಡ್ಡಪ್ಪ ಗಡಿಯಾರ ನೋಡಿದರು. "ಒಸಿ ಬಿರಬಿರ್ನೆ ಆಗ್ಲಮ್ಮ, ನಾಲ್ಕು ಗಂಟೆ ಬಸ್ಸು ಹೊಂಟೋಯ್ತದೆ."

ನಾನು ತಲೆ ಎತ್ತಲಿಲ್ಲ. ಮೂರನೇ ಸಾಲನ್ನೂ ನುಡಿಸಿ ನಿಲ್ಲಿಸಿದೆ. ನಾಲ್ಕನೆಯದು ನನಗಿನ್ನೂ ಬಾರದು.

"ಚೆನ್ನಾಗದೆ, ಚೆನ್ನಾಗದೆ," ಎಂದು ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. "ಹುಡುಗಿ ನಮಗೆ ಒಪ್ಗೆ. ಆದ್ರೆ ಮದ್ವೆ ಆದ್ಮೇಲೆ ಇದಕ್ಕೆಲ್ಲ ಎಲ್ಲಿ ಹೊತ್ತು? ಆ ಪೆಟ್ಟಿಗೆ ಇಲ್ಲೇ ಬುಟ್ಟು ಬರ್ಲಿ."

ಅಪ್ಪ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಬೆರಳು ಅವಳದು. ಅವಳನ್ನೇ ಕೇಳಿ," ಎಂದರು.

"ಬಿಡೋದಿಲ್ಲ," ಎಂದೆ. "ಇದು ನನ್ನ ಜೊತೆ ಬರಬೇಕು. ಭಾನುವಾರ ಬಸ್ಸು ಹತ್ತಿ ಇಲ್ಲಿಗೆ ಬರೋಕೆ ನನಗೂ ಬಿಡಬೇಕು."

"ಎಷ್ಟು ದಿನ ಅಂತ?" ಎಂದರು ದೊಡ್ಡಪ್ಪ.

"ಈ ಒಂದು ಹಾಡಿಗೆ ಇನ್ನೊಂದು ವರ್ಷ. ಆಮೇಲೆ ಎರಡನೇ ಹಾಡು."

ಗಂಡು ಆಗ ಮೊದಲ ಬಾರಿಗೆ ಗುಂಡಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದ. ಏನೋ ಹೇಳುವವನಿದ್ದ, ಅಷ್ಟರಲ್ಲಿ ದೊಡ್ಡಪ್ಪ ಎದ್ದರು, ಅವನೂ ಎದ್ದ. ನಾಲ್ಕು ಗಂಟೆ ಬಸ್ಸು ಅವರಿಗೆ ಸಲೀಸಾಗಿ ಸಿಕ್ಕಿತು.

ಅಡುಗೆಮನೆಯಿಂದ ಇಬ್ಬರೂ ಹೊರಗೆ ಬಂದರು. ಸಮಾಧಾನದ ಮಾತು ಹೇಳುತ್ತಾರೇನೋ ಎಂದು ನೋಡಿದೆ. ರತ್ನ ಸೊಂಟದ ಮೇಲೆ ಕೈಯಿಟ್ಟಳು. "ಮೂರನೇ ಸಾಲಲ್ಲಿ ಏಂ ಅವಸರಮೇ ನೀಕು? ಆಯಪ್ಪ ಬಸ್ಸು ಅಂದಿದ್ದೇ ಓಡಿಬಿಟ್ಟೆ!"

"ಉಂಗುರದ ಬೆರಳು," ಎಂದಳು ಮೆಹರುನ್ನಿಸಾ.

"ಒಂದು ಸಲಕ್ಕೆ ಒಂದೇ ತಪ್ಪು!" ಎಂದು ರೇಗಿದೆ. ಆದರೆ ಅವರು ಹೇಳಿದ್ದು ನಿಜ. ಗಂಡು ಹೋದದ್ದಕ್ಕೆ ಬಾರದ ಸಂಕಟ ಆ ಸಾಲಿಗೆ ಬಂತು. ಅಷ್ಟೆಲ್ಲ ಧೈರ್ಯದ ಮಾತಾಡಿದವಳ ಬೆರಳು ಮಾತ್ರ ಹೆದರಿತ್ತು. ಬಾಯಿಗೆ ಧೈರ್ಯ ಬೇಗ ಬರುತ್ತದೆ. ಬೆರಳಿಗೆ ಅದನ್ನು ಕಲಿಸಲು ಹೊತ್ತು ಬೇಕು.

ಗಿಟಾರ್ ಮತ್ತೆ ತೊಡೆಗೆ ಬಂತು, ಅವರಿಬ್ಬರೂ ಗೋಡೆಗೆ ತಿರುಗಿದರು. ಖಾಲಿ ತಟ್ಟೆಗಳನ್ನು ಎತ್ತುತ್ತಿದ್ದ ಅಮ್ಮ ಹಣೆ ಚಚ್ಚಿಕೊಂಡಳು. "ಹಿಂಗೇ ಕುಂತಿರು. ನಿನ್ನ ಒಪ್ಪೋ ಗಂಡು ಬರೋ ಹೊತ್ಗೆ ಮುದುಕ ಆಗಿರ್ತಾನೆ ಕಣೇ!"

"ಬರಲಿ ಬಿಡಮ್ಮ," ಎಂದೆ. "ಪೂರ್ತಿ ಕೂತು ಕೇಳೋಕೆ ಅವನಿಗಾದ್ರೂ ಪುರುಸೊತ್ತು ಇರುತ್ತೆ."