ಹುಳದ ಹೊಟ್ಟೆಯೊಳಗಿನ ಕಂಡಿಕೆ

ರೇಷ್ಮೆಹುಳದ ಹೊಟ್ಟೆಯಲ್ಲಿ ನೂಲು ಸುತ್ತಿಕೊಂಡೇ ಇರುತ್ತದೆ ಎಂದು ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ನೇಕಾರರಲ್ಲವೇ! ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುವ ಹಾಗೆ ಹುಳದೊಳಗೂ ಒಂದು ಕಂಡಿಕೆ. ಹುಳ ಸಾಕಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಆ ವರ್ಷ ಸೋದರಮಾವ ಮೈಸೂರಿನ ಕಡೆಯಿಂದ ಒಂದು ಮೊರ ಹುಳ ತಂದಿದ್ದರು.

ನನಗಾಗ ಹನ್ನೆರಡು. ಕಾನ್ವೆಂಟಿನಿಂದ ಕ್ರಿಸ್‌ಮಸ್ ಹಾಲಿಡೇಸ್‌ಗೆ ಬಂದಿದ್ದೆ. "ತಾತಾ, ಹುಳದೊಳಗೆ ನೂಲಿಲ್ಲ, ಲಿಕ್ವಿಡ್ ಐತೆ. ನಮ್ಮ ಸಿಸ್ಟರ್ ಹೇಳಿದ್ರು" ಎಂದೆ.

ತಾತ ಮಗ್ಗದ ಗುಂಡಿಯಿಂದ ತಲೆ ಎತ್ತಿದರು. "ಏನೇ ದೊರೆಸಾನಿ, ನೀರು ನೇಯ್ದು ನಿಮ್ಮವ್ವಂಗೆ ಸೀರೆ ಉಡ್ಸಿದೀನಾ ನಾನು?"

ಎಲ್ಲರೂ ನಕ್ಕರು. "ತೋರ್ಸು. ತೋರ್ಸಿದ್ರೆ ಶಾಲೆಗೆ ಹೋಗು. ಇಲ್ಲಾಂದ್ರೆ ನಿಮ್ಮವ್ವನ ಜತೆ ಕಂಡಿಕೆ ಸುತ್ಕೊಂಡು ಇಲ್ಲೇ ಇರು."

ತಾತನ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ.

ಗೂಡು ಕಟ್ಟಲು ಸಿದ್ಧವಾಗಿ ಮೈ ಹೊಳೆಯುತ್ತಿದ್ದ ಹುಳವೊಂದನ್ನು ಆರಿಸಿದೆ. ಹುಳ ನೆನೆಸಲು ಸಿಸ್ಟರ್ ಹೇಳಿದ್ದ ವಿನಿಗರ್ ನಮ್ಮೂರಿನಲ್ಲಿ ಎಲ್ಲಿಯದು? ಬೆಳಗಿನಿಂದ ನಿಂಬೆರಸದಲ್ಲಿ ನೆನೆಸಿಟ್ಟೆ. ಸಂಜೆ ಎಲ್ಲರೆದುರು ಸೀಳಿದರೆ, ಮೈ ಗುಡ್‌ನೆಸ್! ಕಂಡಿಕೆಯಿಲ್ಲ, ಎಳೆಯಿಲ್ಲ. ಜೇನಿನ ಬಣ್ಣದ ಎರಡು ಮೆತ್ತನೆಯ ಕೊಳವೆ, ಒಳಗೆ ಬರೀ ಲೋಳೆ. ಗೆದ್ದೆನೆಂದು ಕುಣಿದೆ.

"ಲೋಳೆ ಐತೆ, ಒಪ್ಪಿದೆ. ನೂಲೆಲ್ಲೈತೆ?" ಎಂದರು ತಾತ.

ಒಂದು ಕೊಳವೆಯ ಎರಡು ತುದಿ ಹಿಡಿದು ಎಳೆದೆ. ತುಂಡಾಯಿತು. ಉಳಿದದ್ದು ಇನ್ನೊಂದೇ. ಅದನ್ನೂ ಹಾಗೆಯೇ ಹಿಡಿದೆ.

"ಏಯ್, ಹಂಗೆ ಜಗ್ಗಬ್ಯಾಡ! ಎಮ್ಮೆ ಹಗ್ಗ ಅನ್ಕಂಡೀಯಾ? ತಾ ಇಲ್ಲಿ!" ಸವಾಲು ಹಾಕಿದವರೇ ಕೈ ಚಾಚಿದರು.

ಜೀವಮಾನವೆಲ್ಲ ರೇಷ್ಮೆ ಹಿಡಿದ ಬೆರಳು. ನಿಲ್ಲಿಸದೆ, ಜಗ್ಗದೆ, ಒಂದೇ ಸಮ ಎಳೆದರು. ಒಂದು ಗೇಣು, ಎರಡು ಗೇಣು... ಲೋಳೆ ಸಣ್ಣಗಾಗಿ, ಬಿಗಿಯಾಗಿ, ನಮ್ಮ ಕಣ್ಣೆದುರೇ ನೂಲಾಯಿತು! ಮಿಡಿದರೆ ಟಿಂಗ್ ಎಂದಿತು.

"ಚೂಡವೇ, ಚೂಡು!" ಖುಷಿಯಾದರೆ ತಾತನ ಬಾಯಿಗೆ ತೆಲುಗೇ ಬರುತ್ತಿತ್ತು. "ನೋಡೇ, ಎಳ್ದಂಗೆಲ್ಲ ಗಟ್ಟಿ ಆಗ್ತೈತಲ್ಲೇ!"

ಲೋಳೆಯಲ್ಲಿ ಸಿಕ್ಕುಸಿಕ್ಕಾಗಿ ಬಿದ್ದಿರುವ ಪ್ರೋಟೀನುಗಳು ಎಳೆತಕ್ಕೆ ನೆಟ್ಟಗಾಗಿ, ಪಕ್ಕಪಕ್ಕ ಸಾಲುಗಟ್ಟಿ, ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂದು ಎಷ್ಟೋ ವರ್ಷಗಳ ನಂತರ ಓದಿದೆ. ಓದುತ್ತಿದ್ದಂತೆ ನನ್ನ ಈ ಮುದಿ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ಎಳೆದವು.

ನಾನು ಶಾಲೆಗೆ ಮರಳಲು ಚಳ್ಳಕೆರೆಗೆ ಗಾಡಿ ಹೊರಡುವ ಬೆಳಿಗ್ಗೆ ತಾತ ಆ ನೂಲನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ನಿಮ್ಮ ಸಿಸ್ಟರಿಗೆ ತೋರ್ಸು. ಎಳ್ದೋರು ಯಾರು ಅಂತಾನೂ ಹೇಳು, ಮರೀಬ್ಯಾಡ."